25 ರೂಪಾಯಿ ಬಾವುಟ, ಗರಗದ ಮಗ್ಗ: ದೇಶಾಭಿಮಾನದ ಲೆಕ್ಕ ತಪ್ಪಿದ್ದೆಲ್ಲಿ?

ಆಗಸ್ಟ್ ಮೊದಲ ವಾರ ಬಂತೆಂದರೆ ಪೇಟೆಯ ಬಣ್ಣ ಬದಲಾಗುತ್ತದೆ. ಸ್ಟೇಷನರಿ ಅಂಗಡಿ, ಫ್ಯಾನ್ಸಿ ಅಂಗಡಿ, ಬಸ್ ನಿಲ್ದಾಣದ ಎದುರಿನ ತಳ್ಳುಗಾಡಿ, ಎಲ್ಲ ಕಡೆ ಕೇಸರಿ, ಬಿಳಿ, ಹಸಿರು ತೂಗಲು ಶುರು. ಬಾವುಟ, ಎದೆಗೆ ಸಿಕ್ಕಿಸುವ ಬ್ಯಾಜು, ಕೈಗೆ ಕಟ್ಟುವ ಬ್ಯಾಂಡು, ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸುವ ಕಡ್ಡಿ ಬಾವುಟ. ಗಿರಾಕಿ ಕೇಳೋದು ಒಂದೇ ಮಾತು: "ಎಷ್ಟಕ್ ಒಂದ್ರಿ?" ಅದು ಯಾವ ಬಟ್ಟೆ, ಎಲ್ಲಿ ತಯಾರಾಗಿದ್ದು, ಯಾರು ಹೊಲಿದದ್ದು ಅಂತ ಕೇಳುವವರು ಕಡಿಮೆ. ಕೇಳಿದರೂ ಅಂಗಡಿಯವರ ಹತ್ತಿರ ಉತ್ತರ ಇರೋದಿಲ್ಲ. ಹೋಲ್‌ಸೇಲ್‌ನಿಂದ ಬಂಡಲ್ ಬರುತ್ತದೆ, ಬಿಚ್ಚಿ ತೂಗುಹಾಕುತ್ತಾರೆ, ಅಷ್ಟೇ.

ಬೇರೆ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದಿದ್ದರೂ ನಡೆದೀತು. ಧಾರವಾಡ ಜಿಲ್ಲೆಯಲ್ಲಿ ನಡೆಯಬಾರದು. ದಶಕಗಳ ಕಾಲ ದೇಶದ ಸರ್ಕಾರಿ ಕಚೇರಿಗಳ ಮೇಲೆ ಹಾರಿದ ಧ್ವಜದ ಬಟ್ಟೆ ನೇಯ್ದದ್ದು ಧಾರವಾಡ ತಾಲೂಕಿನ ಗರಗದಲ್ಲಿ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು ಪಡೆದು ರಾಷ್ಟ್ರಧ್ವಜ ತಯಾರಿಸುವ ದೇಶದ ಬೆರಳೆಣಿಕೆಯ ಕೇಂದ್ರಗಳಲ್ಲಿ ಒಂದು ಇರೋದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಇಲ್ಲಿಂದ ಹೋದ ಧ್ವಜ ದಿಲ್ಲಿಯಲ್ಲೂ ಹಾರಿದೆ, ಪರದೇಶದ ನಮ್ಮ ರಾಯಭಾರ ಕಚೇರಿಗಳ ಮೇಲೂ ಹಾರಿದೆ. ಆದರೆ ಅದೇ ಜಿಲ್ಲೆಯ ಪೇಟೆಗಳಲ್ಲಿ, ಅದೇ ಆಗಸ್ಟ್‌ನಲ್ಲಿ, ಎಲ್ಲೋ ಮಿಲ್ಲಿನಲ್ಲಿ ಅಚ್ಚಾದ ಪಾಲಿಸ್ಟರ್ ಬಾವುಟ ರಾಶಿ ಬಿದ್ದಿರುತ್ತದೆ.

"ಹುಟ್ಟಿದ ದೇಶದ ಬಗ್ಗೆ ಹೆಮ್ಮೆ ಇರಬೇಕು" ಎಂಬ ಮಾತು ಆಗಸ್ಟ್‌ನಲ್ಲಿ ಎಲ್ಲರ ಬಾಯಲ್ಲಿ ಬರುತ್ತದೆ. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಹೆಮ್ಮೆ ಪಡೋದು ಯಾವುದಕ್ಕೆ? ಬಣ್ಣಕ್ಕೋ, ಬಣ್ಣದ ಹಿಂದಿನ ಕೈಗಳಿಗೋ? ಗರಗ, ಬೆಂಗೇರಿಯ ಕಥೆ ನೋಡಿದರೆ ಈ ಪ್ರಶ್ನೆ ಭಾಷಣದ್ದಲ್ಲ, ವ್ಯಾಪಾರ ಮತ್ತು ಕೂಲಿಯದ್ದು ಅನ್ನೋದು ಗೊತ್ತಾಗುತ್ತದೆ.

ಒಂದು ಧ್ವಜ ಅಂದರೆ ಎಷ್ಟು ಕೈ

ಗರಗ ಕ್ಷೇತ್ರೀಯ ಸೇವಾ ಸಂಘ ಶುರುವಾದದ್ದು 1954ರಲ್ಲಿ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿತು. ಬೆಂಗೇರಿಯವರು ಮಾನಕದ ಗುರುತು ಪಡೆದು ಧ್ವಜ ತಯಾರಿಕೆಗೆ ಇಳಿದದ್ದು ಈ ಶತಮಾನದ ಮೊದಲ ದಶಕದಲ್ಲಿ. ಗರಗದ ಜೊತೆಗೆ ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ.

ನೂಲುವುದು, ನೇಯುವುದು, ಬಿಳುಪು ಮಾಡಿ ಬಣ್ಣ ಹಾಕುವುದು, ಅಳತೆಗೆ ಕತ್ತರಿಸುವುದು, ಬಿಳಿ ಪಟ್ಟಿಯ ಮೇಲೆ ಚಕ್ರ ಅಚ್ಚು ಹಾಕುವುದು, ಮೂರು ಪಟ್ಟಿ ಸೇರಿಸಿ ಹೊಲಿಯುವುದು, ಕೊನೆಗೆ ಹಗ್ಗ ಕೂರಿಸುವುದು. ಒಂದೊಂದೂ ಬೇರೆ ಬೇರೆ ಕೈ. ಈ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಬೆಳಿಗ್ಗೆ ಮನೆಯ ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ ಬಂದು ಮಗ್ಗದ ಮುಂದೆ ಕೂಡುವವರು. ನೂಲಿದಷ್ಟು, ನೇಯ್ದಷ್ಟು ಕೂಲಿ.

ಧ್ವಜದ ಬಟ್ಟೆ ಮಾಮೂಲಿ ಖಾದಿ ಅಲ್ಲ. ಬಿಐಎಸ್ ಹೊರಡಿಸಿದ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರಿನದ್ದೇ ರಾಷ್ಟ್ರಧ್ವಜದ ಮಾನಕ. ಸಿಮೆಂಟು, ಕಬ್ಬಿಣ, ಗ್ಯಾಸ್ ಸಿಲಿಂಡರ್ ಎಲ್ಲದಕ್ಕೂ ಮಾನಕ ಇದೆ, ಆದರೆ ಒಂದನೇ ನಂಬರ್ ಬಾವುಟಕ್ಕೆ. ಎಳೆಗಳ ಲೆಕ್ಕ, ಬಟ್ಟೆಯ ತೂಕ, ಬಣ್ಣದ ಛಾಯೆ, ಬಿಸಿಲಿಗೆ ಮಳೆಗೆ ಬಣ್ಣ ನಿಲ್ಲುವ ಗಟ್ಟಿತನ, ಎಲ್ಲವನ್ನೂ ಅಳೆದು ನೋಡುತ್ತಾರೆ. ಉದ್ದ ಅಗಲ 3ಕ್ಕೆ 2ರ ಪ್ರಮಾಣದಲ್ಲೇ ಇರಬೇಕು. ಮೇಜಿನ ಮೇಲಿಡುವ 6 ಇಂಚಿನ ಬಾವುಟದಿಂದ ಹಿಡಿದು 21 ಅಡಿ ಉದ್ದದ ಬಾವುಟದ ತನಕ 9 ಅಳತೆಗಳು. ಚಕ್ರದ 24 ಕಡ್ಡಿಗಳು ಎರಡೂ ಬದಿಯಿಂದ ಸರಿಯಾಗಿ ಕಾಣಬೇಕು. ಆ ಕಡೆ ಅಚ್ಚಿಗೂ ಈ ಕಡೆ ಅಚ್ಚಿಗೂ ಕೂದಲೆಳೆ ವ್ಯತ್ಯಾಸ ಬಂದರೆ ಬಿಸಿಲಿಗೆ ಹಿಡಿದಾಗ ಎರಡು ಚಕ್ರ ಕಾಣುತ್ತವೆ, ಅಂಥ ಧ್ವಜ ಹೊರಗೆ ಹೋಗೋ ಹಾಗಿಲ್ಲ.

ಪೇಟೆಯಲ್ಲಿ ತೂಗುವ ಬಾವುಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಎಷ್ಟೋ ಬಾವುಟಗಳಲ್ಲಿ ಚಕ್ರ ದುಂಡಗೆ ಇರೋದಿಲ್ಲ, ಮೊಟ್ಟೆಯ ಆಕಾರ. ಕಡ್ಡಿ ಎಣಿಸಿದರೆ 24 ಸಿಕ್ಕರೆ ಪುಣ್ಯ. ಚಕ್ರ ನಡುವೆ ಕೂತಿರೋದಿಲ್ಲ. ಪಟ್ಟಿಗಳ ಅಗಲವೂ ಒಂದೇ ಸಮ ಇರೋದಿಲ್ಲ. ಇದು ಅಂಗಡಿಯವರ ತಪ್ಪಲ್ಲ. ಅವರಿಗೆ ಬಂದದ್ದು ಹಾಗೆ.

ನಿಯಮ ಬದಲಾದದ್ದು ಯಾವಾಗ, ಯಾಕೆ

2021ರ ಡಿಸೆಂಬರ್ 30ರ ತನಕ ಭಾರತದ ರಾಷ್ಟ್ರಧ್ವಜ ಎಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆ. ಹತ್ತಿ, ರೇಷ್ಮೆ, ಉಣ್ಣೆ ಯಾವುದಾದರೂ ಇರಲಿ, ಖಾದಿಯೇ ಆಗಬೇಕು ಅಂತ ಧ್ವಜ ಸಂಹಿತೆ ಹೇಳುತ್ತಿತ್ತು. ಆ ದಿನ ಬಂದ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಬಟ್ಟೆಯನ್ನೂ ಪಾಲಿಸ್ಟರನ್ನೂ ಸೇರಿಸಿಕೊಂಡಿತು. ಆಮೇಲಿನ ಜುಲೈನಲ್ಲಿ ಇನ್ನೆರಡು ಬದಲಾವಣೆ. ಒಂದು, ಮನೆಯ ಮೇಲೆ ಹಗಲು ರಾತ್ರಿ ಎರಡೂ ಹೊತ್ತು ಧ್ವಜ ಹಾರಿಸಬಹುದು ಅಂತಾಯಿತು. ಅಲ್ಲಿಯವರೆಗೆ ಸೂರ್ಯೋದಯದಿಂದ ಸೂರ್ಯಾಸ್ತದ ತನಕ ಮಾತ್ರ ಇತ್ತು. ಎರಡು, ಪಾಲಿಸ್ಟರ್ ಮತ್ತು ಯಂತ್ರದ ಧ್ವಜಕ್ಕೂ ಜಿಎಸ್‌ಟಿ ವಿನಾಯಿತಿ ಇದೆ ಎಂದು ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಕೈಮಗ್ಗದ ಧ್ವಜಕ್ಕೆ ಮೊದಲಿಂದ ಇದ್ದ ಆಸರೆ ಈಗ ಮಿಲ್ಲಿಗೂ ಸಿಕ್ಕಿತು.

ಅದರ ಬೆನ್ನಿಗೇ 2022ರ ಆಗಸ್ಟ್‌ನ 'ಹರ್ ಘರ್ ತಿರಂಗಾ'. 20 ಕೋಟಿಗೂ ಹೆಚ್ಚು ಮನೆಗಳ ಗುರಿ. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ. ಮಾನಕದ ಖಾದಿ ಧ್ವಜದ ಬೆಲೆ ಇದರ ಎಷ್ಟೋ ಪಟ್ಟು. ತಿದ್ದುಪಡಿ ಬಂದಾಗ ಬೆಂಗೇರಿಯ ಸಂಘ ಬಹಿರಂಗವಾಗಿ ವಿರೋಧಿಸಿತು, ಹೋರಾಟಕ್ಕೂ ಇಳಿಯಿತು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ವರ್ಷವೇ ಧ್ವಜ ನೇಯುವವರು ಧ್ವಜದ ವಿಷಯಕ್ಕೆ ಬೀದಿಗೆ ಬಂದರು. ಅದಕ್ಕಿಂತ ವಿಚಿತ್ರ ಏನು ಬೇಕು? ಬೇಡಿಕೆ ಕುಸಿದಿದೆ ಎಂದು ಸಂಘ ಅಲ್ಲಿಂದೀಚೆಗೆ ಹೇಳುತ್ತಲೇ ಬಂದಿದೆ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಅನ್ನೋ ಹಾಗಿಲ್ಲ. 20 ಕೋಟಿ ಬಾವುಟವನ್ನು ಚರಕದಲ್ಲಿ ನೂತು ಕೊಡುತ್ತೇವೆ ಎಂದು ಯಾರೂ ಹೇಳಲಾರರು. ಗರಗ, ಬೆಂಗೇರಿ, ನಾಂದೇಡ ಎಲ್ಲ ಸೇರಿದರೂ ಆಗದ ಮಾತು. ದಿನಗೂಲಿ ಮಾಡುವವನ ಮನೆಯ ಮೇಲೂ ಬಾವುಟ ಹಾರಬೇಕೆಂದರೆ ಬೆಲೆ ಇಳಿಯಲೇಬೇಕು. ಸಾಮಾನ್ಯ ಜನ ವರ್ಷದ ಎಲ್ಲ ದಿನ ಧ್ವಜ ಹಾರಿಸುವ ಹಕ್ಕು ಬಂದದ್ದೂ ತೀರಾ ಈಚೆಗೆ. ಉದ್ಯಮಿ ನವೀನ್ ಜಿಂದಾಲ್ ತಮ್ಮ ಕಾರ್ಖಾನೆಯ ಮೇಲೆ ಧ್ವಜ ಹಾರಿಸಿದ್ದಕ್ಕೆ ಅಧಿಕಾರಿಗಳು ಅಡ್ಡಿ ಮಾಡಿದರು, ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಗೌರವದಿಂದ ಧ್ವಜ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿದ್ದು 2004ರ ಜನವರಿಯಲ್ಲಿ. ಅದಕ್ಕೂ ಮೊದಲೇ, 2002ರ ಜನವರಿ 26ರಿಂದ ಜಾರಿಗೆ ಬಂದ ಹೊಸ ಧ್ವಜ ಸಂಹಿತೆ ಜನರಿಗೆ ಬಾಗಿಲು ತೆರೆದಿತ್ತು. ಬಾವುಟ ಸಾಹೇಬರ ಕಚೇರಿಯಿಂದ ಇಳಿದು ಜನರ ಮನೆಗೆ ಬಂತು. ಒಳ್ಳೇದೇ ಆಯಿತು.

ಹಾಗಾದರೆ ಲೆಕ್ಕ ತಪ್ಪಿದ್ದೆಲ್ಲಿ? ಮನೆ ಮನೆಗೆ ಅಗ್ಗದ ಬಾವುಟ ಕೊಡೋದು ಒಂದು. ಸರ್ಕಾರಿ ಕಂಬದ ಮೇಲೂ ಅಗ್ಗದ್ದೇ ನಡೆಯುತ್ತದೆ ಎಂದು ಬಿಡೋದು ಇನ್ನೊಂದು. ಸರ್ಕಾರಿಯಾಗಿ ಹಾರಿಸುವ ಧ್ವಜಕ್ಕೆ ಬಿಐಎಸ್ ಗುರುತು ಇರಬೇಕು ಎಂದು ಸಂಹಿತೆಯಲ್ಲಿದೆ, ಆದರೆ ತಿದ್ದುಪಡಿಯಾದ ಬಟ್ಟೆಯ ಸಾಲು ಮನೆ ಬೇರೆ, ಸರ್ಕಾರಿ ಕಚೇರಿ ಬೇರೆ ಎಂದು ಹೇಳುವುದಿಲ್ಲ. ಮನೆಗಳಿಗೆ ಸಡಿಲಿಕೆ ಕೊಟ್ಟು, ಸಾರ್ವಜನಿಕ ಹಣದಲ್ಲಿ ಕೊಳ್ಳುವ ಧ್ವಜ ಮಾತ್ರ ಖಾದಿಯೇ ಇರಲಿ ಎಂದು ಒಂದು ಸಾಲು ಬರೆದಿದ್ದರೆ ಯಾರಿಗೂ ಭಾರ ಆಗುತ್ತಿರಲಿಲ್ಲ. ಒಂದು ಪಂಚಾಯಿತಿಗೆ ವರ್ಷಕ್ಕೆ ಬೇಕಾಗೋದು ಒಂದೋ ಎರಡೋ ಧ್ವಜ. ದೇಶದ ಎರಡು ಲಕ್ಷಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ ಗರಗದ ಮಗ್ಗಗಳಿಗೆ ಪುರುಸೊತ್ತು ಸಿಗುತ್ತಿರಲಿಲ್ಲ. ಆ ಸಾಲನ್ನು ಬರೆಯಲು ದಿಲ್ಲಿಯೇ ಬೇಕಂತಿಲ್ಲ. ಪಂಚಾಯಿತಿಯ ಸಭೆಯಲ್ಲಿ ಠರಾವು ಮಾಡಿ "ನಮ್ಮ ಕಂಬಕ್ಕೆ ಗರಗದ ಬಟ್ಟೆ" ಅಂದರೂ ಸಾಕು.

ಚರಕ ಇದ್ದ ಬಾವುಟ

ಬಾವುಟ ಹಾರಿಸೋದು ಈಗ ಸುಲಭ. ಸುಲಭ ಆದದ್ದರಿಂದಲೇ ಅದರ ತೂಕ ಮರೆತುಹೋಗುವ ಭಯ. ಕರ್ನಾಟಕದಲ್ಲಿ ಬಾವುಟದ ಸಲುವಾಗಿ ಜನ ಪ್ರಾಣ ಬಿಟ್ಟಿದ್ದಾರೆ. 1938ರ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್‌ನವರು ನಿಷೇಧ ಮೀರಿ ಧ್ವಜ ಏರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 30ಕ್ಕೂ ಹೆಚ್ಚು ಎಂದು ಜನ ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ, ಮೈಸೂರು ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದವಾಯಿತು.

ಈ ಕಡೆ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ನೇರ ಬ್ರಿಟಿಷರ ಆಡಳಿತ. 1942ರಲ್ಲಿ ಹುಬ್ಬಳ್ಳಿಯ ಮೆರವಣಿಗೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಾರಾಯಣ ದೋನಿ ಇನ್ನೂ ಸಾಲಿಗೆ ಹೋಗುವ ವಯಸ್ಸಿನ ಹುಡುಗ.

ಅವರೆಲ್ಲ ಹಿಡಿದ ಬಾವುಟದ ನಡುವೆ ಇದ್ದದ್ದು ಅಶೋಕ ಚಕ್ರ ಅಲ್ಲ, ಚರಕ. 1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಧ್ವಜವನ್ನು ಒಪ್ಪಿದಾಗ ಚರಕದ ಜಾಗಕ್ಕೆ ಚಕ್ರ ಬಂತು. ಚಿತ್ರದಿಂದ ಹೋದ ಚರಕ ಬಟ್ಟೆಯಲ್ಲಿ ಉಳಿಯಿತು: ಕೈಯಲ್ಲಿ ನೂತ ನೂಲಿನದ್ದೇ ಆಗಬೇಕೆಂಬ ನಿಯಮದಲ್ಲಿ. 2021ರಲ್ಲಿ ಬಿಟ್ಟುಕೊಟ್ಟದ್ದು ಅದನ್ನು. ಹಾಗಾಗಿ ಗರಗದವರ ತಕರಾರನ್ನು ಬರೀ ಹೊಟ್ಟೆಪಾಡಿನ ತಕರಾರು ಅಂತ ಪಕ್ಕಕ್ಕೆ ಸರಿಸಲು ಬರೋದಿಲ್ಲ. ಹೊಟ್ಟೆಪಾಡು ಅಂದುಕೊಂಡರೂ ಅದೇನು ಸಣ್ಣ ವಿಷಯ ಅಲ್ಲ.

ಬಾವುಟ ಪರೀಕ್ಷೆಯ ಕೋಲಾದಾಗ

ಹುಬ್ಬಳ್ಳಿಗೆ ಇನ್ನೊಂದು ನೆನಪೂ ಇದೆ, ಅದನ್ನು ಬಿಟ್ಟು ಈ ವಿಷಯ ಮಾತಾಡಿದರೆ ಅರ್ಧ ಸತ್ಯ ಆದೀತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿವಾದ ಇಡೀ ದೇಶದ ಸುದ್ದಿಯಾಯಿತು. 1994ರ ಆಗಸ್ಟ್ 15ರಂದು ಊರಲ್ಲಿ ಕರ್ಫ್ಯೂ, ಗಲಾಟೆ, ಪೊಲೀಸರ ಗೋಲಿಬಾರ್. ಸ್ವಾತಂತ್ರ್ಯ ದಿನದಂದೇ ಹುಬ್ಬಳ್ಳಿಯಲ್ಲಿ ಹೆಣ ಬಿದ್ದವು. ಆ ದಿನಗಳಲ್ಲಿ ವಾರಗಟ್ಟಲೆ ಷಟರ್ ಎಳೆದು ಕೂತ ದುರ್ಗದಬೈಲ್ ಕಡೆಯ ವ್ಯಾಪಾರಸ್ಥರನ್ನು ಕೇಳಿದರೆ ಈಗಲೂ ಹೇಳುತ್ತಾರೆ. ಕೊನೆಗೆ 1995ರ ಜನವರಿ 26ರಂದು ಅಂಜುಮನ್ ಸಂಸ್ಥೆಯವರೇ ಮೈದಾನದಲ್ಲಿ ತ್ರಿವರ್ಣ ಧ್ವಜ ಏರಿಸಿದರು. ಜಾಗದ ಮಾಲೀಕತ್ವದ ಕೋರ್ಟ್ ವ್ಯಾಜ್ಯ ಬೇರೆಯೇ ನಡೆದು ಮುಗಿಯಿತು, ಅದು ಇಲ್ಲಿಯ ವಿಷಯ ಅಲ್ಲ.

ಆ ಮೈದಾನ ಮತ್ತು ಬೆಂಗೇರಿ ಎರಡೂ ಒಂದೇ ಊರಲ್ಲಿವೆ. ಒಂದು ಕಡೆ ಬಾವುಟವನ್ನು ಇನ್ನೊಬ್ಬರ ದೇಶಭಕ್ತಿ ಅಳೆಯುವ ಕೋಲು ಮಾಡಿಕೊಂಡರು, ಎಲ್ಲ ಪಕ್ಷದವರೂ ತಮ್ಮ ತಮ್ಮ ಲಾಭ ನೋಡಿಕೊಂಡರು, ಜೀವ ಹೋದದ್ದು ಬಡವರದು. ಇನ್ನೊಂದು ಕಡೆ ಎಲ್ಲ ಜಾತಿ, ಎಲ್ಲ ಧರ್ಮದವರ ಕಂಬಕ್ಕೂ ಒಂದೇ ಅಳತೆಯ ಧ್ವಜ ಹೊಲಿಯುತ್ತ ಹೆಣ್ಣುಮಕ್ಕಳು ಕೂತಿರುತ್ತಾರೆ. ಎರಡರಲ್ಲಿ ಯಾವುದಕ್ಕೆ ಟಿವಿ ಕ್ಯಾಮೆರಾ ಹೆಚ್ಚು ತಿರುಗಿತು ಅನ್ನೋದು ಓದುಗರಿಗೆ ಗೊತ್ತೇ ಇದೆ.

ಯಾವ ದೇಶದಲ್ಲಿ ಹುಟ್ಟಬೇಕು ಅನ್ನೋದು ಯಾರ ಕೈಯಲ್ಲೂ ಇರೋದಿಲ್ಲ. ಅಜ್ಜ ಬಿಟ್ಟುಹೋದ ಹೊಲದ ಹಾಗೆ ಅದು. ನಾಲ್ಕು ಎಕರೆ ಎರೆ ಹೊಲ ಇದೆ ಅಂತ ಕಟ್ಟೆ ಮೇಲೆ ಕೂತು ಹೇಳಿಕೊಳ್ಳಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಬದು ಕಟ್ಟಿ, ಕಸ ಕಿತ್ತು, ಹೊತ್ತಿಗೆ ಸರಿಯಾಗಿ ಬಿತ್ತದವನ ಮಾತಿಗೆ ಊರಲ್ಲಿ ಬೆಲೆ ಎಷ್ಟು? ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯಗಳ ಪಟ್ಟಿ ಇದೆ. ಮೊದಲ ಸಾಲಿನಲ್ಲೇ ಧ್ವಜ, ರಾಷ್ಟ್ರಗೀತೆಗೆ ಗೌರವ ಎಂದಿದೆ, ಸರಿ. ಅದೇ ಸಾಲಿನಲ್ಲಿ ಸಂವಿಧಾನವನ್ನು ಪಾಲಿಸಬೇಕು ಅಂತಲೂ ಇದೆ. ಕೆಳಗೆ ಬಂದರೆ ಧರ್ಮ, ಭಾಷೆ, ಪ್ರದೇಶದ ಭೇದ ಮೀರಿ ಸೌಹಾರ್ದ, ಹೆಣ್ಣುಮಕ್ಕಳ ಘನತೆ, ಕೆರೆ ನದಿ ಕಾಡುಗಳ ರಕ್ಷಣೆ, ಸಾರ್ವಜನಿಕ ಆಸ್ತಿಯ ಕಾಳಜಿ. ಆಗಸ್ಟ್ 15ರಂದು ಮೊದಲ ಸಾಲಿನ ಅರ್ಧ ಮಾತ್ರ ಓದಿ ಪುಸ್ತಕ ಮುಚ್ಚುತ್ತಾರೆ. ಬೈಕಿಗೆ ಬಾವುಟ ಸಿಕ್ಕಿಸಿ ರ‍್ಯಾಲಿ ಹೊರಟವನು ಕೆರೆಯ ದಂಡೆಗೆ ಕಸ ಸುರಿದು ಬಂದರೆ ಯಾರೂ ಕೇಳೋದಿಲ್ಲ. ಸ್ಟೇಟಸ್‌ನಲ್ಲಿ ತ್ರಿವರ್ಣ ಹಾಕಿದ ಗಿರಾಕಿಯೇ "ಬಿಲ್ ಬ್ಯಾಡ್ರಿ, ರೇಟ್ ಕಡಿಮಿ ಮಾಡ್ರಿ" ಅನ್ನೋದು ವ್ಯಾಪಾರಸ್ಥರಿಗೆ ಹೊಸದಲ್ಲ. ಹಾಗೆ ಕೊಡುವ ವ್ಯಾಪಾರಸ್ಥರೂ ಇದ್ದಾರೆ, ಇರಲಿ.

ಅಂಗಡಿಯವರ ಗಮನಕ್ಕೆ

ಧ್ವಜ ಮಾರುವವರು, ಅಂಗಡಿ ಮುಂದೆ ಹಾರಿಸುವವರು ಒಂದಷ್ಟು ನಿಯಮ ತಿಳಿದಿರಬೇಕು. ಯಾಕಂದರೆ ಅವಮಾನದ ಕೇಸಿನಲ್ಲಿ ಮೂರು ವರ್ಷದ ತನಕ ಜೈಲು ಶಿಕ್ಷೆಗೆ 1971ರ ಕಾನೂನಿನಲ್ಲಿ ಅವಕಾಶ ಇದೆ. ಬಾವುಟದ ಮೇಲೆ ಅಂಗಡಿ ಹೆಸರು, ಶುಭಾಶಯ, ಮುಖಂಡರ ಫೋಟೊ, ಏನನ್ನೂ ಅಚ್ಚು ಹಾಕಿಸುವಂತಿಲ್ಲ. ಜಾಹೀರಾತಿಗೆ, ಸಾಮಾನು ಸುತ್ತಿ ಕೊಡಲಿಕ್ಕೆ, ಟೇಬಲ್ ಮೇಲೆ ಹಾಸಲಿಕ್ಕೆ ಬಳಸುವಂತಿಲ್ಲ. ಹರಿದ, ಮಾಸಿದ ಧ್ವಜ ಹಾರಿಸಬಾರದು. ಸಂಘಟನೆ, ಪಕ್ಷದ ಧ್ವಜದ ಜೊತೆಗೆ ಒಂದೇ ಕಂಬಕ್ಕೆ ಕಟ್ಟಬಾರದು. ಗಾಡಿಯ ಬಾನೆಟ್ ಮೇಲೆ ಹೊದಿಸಬಾರದು. ಕಾರಿನ ಮುಂದೆ ಧ್ವಜ ಕಟ್ಟಿಕೊಳ್ಳುವ ಹಕ್ಕು ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ, ಸಚಿವರು, ನ್ಯಾಯಮೂರ್ತಿಗಳಂಥ ಕೆಲವರಿಗೆ ಮಾತ್ರ.

ಹೆಚ್ಚು ತೊಂದರೆ ಬರೋದು 16ನೇ ತಾರೀಖು. ಗಟಾರದಲ್ಲಿ, ಸಾಲಿಯ ಗೇಟಿನ ಹತ್ತಿರ, ಸಂತೆ ಬಯಲಲ್ಲಿ ಬಾವುಟ ಬಿದ್ದಿರುತ್ತವೆ. ಕಾಗದದ ಬಾವುಟವನ್ನೂ ನೆಲಕ್ಕೆ ಎಸೆಯಬಾರದು ಅಂತ ಸಂಹಿತೆಯಲ್ಲಿದೆ. ಹಾಳಾದ ಧ್ವಜವನ್ನು ಜನರ ಕಣ್ಣೆದುರು ಅಲ್ಲ, ಖಾಸಗಿಯಾಗಿ, ಇಡಿಯಾಗಿ ಸುಡಬೇಕು ಅಥವಾ ಗೌರವಕ್ಕೆ ಕುಂದು ಬರದ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಬೇಕು. ಖಾದಿ ಸುಟ್ಟರೆ ಹಿಡಿ ಬೂದಿ. ಪಾಲಿಸ್ಟರ್ ಸುಟ್ಟರೆ ಕರಗಿ ಕಪ್ಪು ಗಂಟಾಗಿ ವಾಸನೆ ಹೊಡೆಯುತ್ತದೆ. 25 ರೂಪಾಯಿಯ ಲೆಕ್ಕ ಹಾಕಿದವರು ಇದನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಮಾರಿದ ಅಂಗಡಿಯವರೇ ಒಂದು ಡಬ್ಬ ಇಟ್ಟು "ಹಳೇ ಬಾವುಟ ಇಲ್ಲಿ ಹಾಕಿ" ಅಂತ ಚೀಟಿ ಅಂಟಿಸಿದರೆ ಪಟ್ಟಣ ಪಂಚಾಯಿತಿಯವರಿಗೆ ಅರ್ಧ ಕೆಲಸ ಕಡಿಮೆ ಆಗುತ್ತದೆ. ಚಲೋ ಇರುವ, ಮಾರಾಟವಾಗದೆ ಉಳಿದ ಸ್ಟಾಕನ್ನು ಮಡಚಿ ಜನವರಿಗೆ ಇಟ್ಟುಕೊಳ್ಳಬಹುದು.

ಖಾದಿ ಧ್ವಜ ತರಿಸಬೇಕು ಅನ್ನುವ ಸಂಘ ಸಂಸ್ಥೆ, ಸಾಲಿ, ಪಂಚಾಯಿತಿಗಳು ಆಗಸ್ಟ್ 10ಕ್ಕೆ ಹೋಗಿ ನಿಂತರೆ ಉಪಯೋಗವಿಲ್ಲ. ನೂಲಿನಿಂದ ಹಗ್ಗದ ತನಕ ಅಷ್ಟು ಕೈ ದಾಟಿ ಬರಬೇಕಾದ ಮಾಲು ಅದು. ಜನವರಿ 26ಕ್ಕೆ ಕಂಬಕ್ಕೆ ಏರಬೇಕಾದ ಧ್ವಜದ ಆರ್ಡರ್ ಸ್ವಾತಂತ್ರ್ಯೋತ್ಸವ ಮುಗಿದ ಕೂಡಲೇ ಹೋಗಬೇಕು. ಆಗಸ್ಟ್ 16ರ ನಂತರ ಗರಗದ ಮಗ್ಗಗಳಿಗೆ ಕೆಲಸ ಬೇಕಾಗಿರುವುದೂ ಆಗಲೇ.